ಭಟ್ಟಿಯ ಮೊದಲ ತುತ್ತು

ಜೂನ್ ೩

ಆಸ್ಪತ್ರೆಯ ಪಥ್ಯದ ವಿಭಾಗದವರಿಗೆ,

ನಾನು ಮೂರು ಭಟ್ಟಿಗಳ ಬೇಕರಿಯ ಯಜಮಾನಿ. ಮೊದಲ ಭಟ್ಟಿ ನನ್ನ ಅತ್ತೆ ಹಾಕಿದ್ದು, ಎರಡನೆಯದು ನನ್ನ ಯಜಮಾನರು ಕಟ್ಟಿಸಿದ್ದು, ಮೂರನೆಯದು ಅವರು ಹೋದ ಮೇಲೆ ನಾನೇ ನಿಂತು ಮಾಡಿಸಿದ್ದು. ನಮ್ಮ ಬೀದಿಯಲ್ಲಿ ಗಡಿಯಾರ ನೋಡಿ ಏಳುವವರು ಕಡಿಮೆ, ನಮ್ಮ ಮೊದಲ ತಟ್ಟೆಯ ವಾಸನೆಗೆ ಏಳುವವರೇ ಹೆಚ್ಚು. ನಾನು ಓದಿದ್ದು ಹೈಸ್ಕೂಲಿನವರೆಗೆ. ಆದರೆ ನನ್ನಿಂದ ಒಂದೇ ಮಾತನ್ನು ಎರಡು ಸಲ ಹೇಳಿಸಿದವರು ಯಾರೂ ಈ ಬೇಕರಿಯಲ್ಲಿ ಉಳಿದಿಲ್ಲ.

ಹೋದ ತಿಂಗಳು ನಿಮ್ಮಲ್ಲಿ ಎದೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದನಲ್ಲ, ಅಗಲ ಮುಖದವನು, ಮಲಗಿದಲ್ಲಿಂದಲೇ ನರ್ಸುಗಳಿಗೆ ಹಿಟ್ಟು ನಾದುವ ಪಾಠ ಹೇಳಿದವನು, ಅವನು ನನ್ನ ಮಗ. ನೀವು ಕೊಟ್ಟ ಪಥ್ಯದ ಹಾಳೆಯನ್ನು ಸೊಸೆ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾಳೆ. ಅದರ ಕೆಳಗೆ ಕೈಬರಹದಲ್ಲಿ ನೀವೇ ಒಂದು ಸಾಲು ಬರೆದಿದ್ದೀರಿ: "ಜಿಡ್ಡಿನ ರುಚಿ ಹುಟ್ಟಿನಿಂದ ಬಂದದ್ದಲ್ಲ, ರೂಢಿಯಿಂದ ಬಂದದ್ದು. ಬಿಡಬಹುದು."

ಈ ಸಾಲಿನ ಬಗ್ಗೆ ನನ್ನ ತಕರಾರಿದೆ.

ಬೆಣ್ಣೆ ಬಿಸ್ಕತ್ತಿನ ತಟ್ಟೆ ಹೊರಗೆಳೆದರೆ ಸಾಕು, ಬೀದಿಯಲ್ಲಿ ಹೋಗುವವರ ಕುತ್ತಿಗೆ ತಾನಾಗಿ ತಿರುಗುತ್ತದೆ. ಹಲ್ಲು ಮೂಡದ ಕೂಸು ಗಾಜಿನ ಕಪಾಟಿನ ಮುಂದೆ ಬಂದರೆ ಒಣ ರಸ್ಕಿಗೆ ಕೈ ಚಾಚುವುದಿಲ್ಲ, ಬೆಣ್ಣೆ ಬನ್ನಿಗೇ ಚಾಚುತ್ತದೆ. ಅದಕ್ಕೆ ರೂಢಿ ಮಾಡಿಸಿದವರು ಯಾರು? ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನಿಮಗೆ ಇದು ಬರೀ ವಾದ ಇರಬಹುದು. ನನಗೆ ಹಾಗಲ್ಲ. ಭಟ್ಟಿಮನೆಯ ಕೀಲಿಕೈ ಮಗನ ಸೊಂಟದಲ್ಲಿದೆ. ಅವನ ಒಪ್ಪಿಗೆ ಇಲ್ಲದೆ ಒಂದು ತಟ್ಟೆಯೂ ಮುಂಭಾಗದ ಅಂಗಡಿಗೆ ಬರುವುದಿಲ್ಲ. ಜಿಡ್ಡಿನ ಆಸೆ ಹುಟ್ಟುಗುಣವೇ ಆದರೆ, ಬೆಣ್ಣೆಯ ಮಧ್ಯೆ ನಿಂತವನನ್ನು ಯಾವ ಪಥ್ಯವೂ ಉಳಿಸುವುದಿಲ್ಲ. ಆಗ ನಾನು ಅವನನ್ನು ಭಟ್ಟಿಯಿಂದ ದೂರ ಇಡಬೇಕಾಗುತ್ತದೆ. ಹದಿನಾಲ್ಕು ವರ್ಷದವನಿದ್ದಾಗಿನಿಂದ ಅವನಿಗೆ ಬೇರೆ ಕೆಲಸ ಗೊತ್ತಿಲ್ಲ. ರೂಢಿಯೇ ಆದರೆ, ಅವನು ಇದ್ದಲ್ಲೇ ಇರಬಹುದು. ಆದ್ದರಿಂದ ಯೋಚಿಸಿ, ಸರಿಯಾಗಿ ಉತ್ತರ ಕೊಡಿ.

ಅವನ ಊಟ ಹೇಗಿದೆಯೆಂದು ನೀವು ಕೇಳುವ ಮೊದಲೇ ಬರೆಯುತ್ತೇನೆ. ಬೆಳಿಗ್ಗೆ ಕೆನೆ ತೆಗೆದ ಹಾಲಿನ ಕಾಫಿ, ಒಣ ಬ್ರೆಡ್ಡು. ಮಧ್ಯಾಹ್ನ ಅನ್ನ, ಬೇಯಿಸಿದ ತರಕಾರಿ, ಬೇಳೆ. ರಾತ್ರಿ ಗಂಜಿ. ಎಣ್ಣೆಯ ಬಾಟಲಿಯನ್ನು ಸೊಸೆ ಅತ್ತರಿನ ಬಾಟಲಿಯ ಹಾಗೆ ಬಳಸುತ್ತಿದ್ದಾಳೆ. ಇಷ್ಟು ಬಿಟ್ಟರೆ ಅವನು ಏನೂ ತಿನ್ನುವುದಿಲ್ಲ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ಓದಿದವರು ಮಾತು ತೇಲಿಸಿಬಿಡುತ್ತಾರೆ. ಬರೆದದ್ದು ಕೈಯಲ್ಲಿ ಉಳಿಯುತ್ತದೆ.

ಸಾಕ್ಷಿಗೆ ಒಂದು ಡಬ್ಬಿ ಬೆಣ್ಣೆ ಬಿಸ್ಕತ್ತು ಕಳಿಸಿದ್ದೇನೆ. ತಿಂದು ನೋಡಿ, ಆಮೇಲೆ ರೂಢಿಯ ಮಾತಾಡಿ.

ಇಂತಿ,
ಬೇಕರಿಯ ಯಜಮಾನಿ

---

ಜೂನ್ ೧೧

ಮಾನ್ಯರೇ,

ತಮ್ಮ ಪತ್ರ ಬಂತು. ನಮ್ಮ ಪಥ್ಯದ ಹಾಳೆಯನ್ನು ಕೊನೆಯ ಸಾಲಿನವರೆಗೆ ಓದಿದವರು ಬಹುಶಃ ನೀವೊಬ್ಬರೇ.

ಸಿಹಿಯನ್ನು ಯಾವ ಕೂಸಿಗೂ ಕಲಿಸಬೇಕಿಲ್ಲ, ಕಹಿಯನ್ನು ಯಾವ ಕೂಸೂ ಒಂದೇ ಸಲಕ್ಕೆ ಒಪ್ಪುವುದಿಲ್ಲ. ಇವು ಹುಟ್ಟಿನಿಂದ ಬಂದವು. ಜಿಡ್ಡಿನ ವಿಷಯ ಅಷ್ಟು ಸಲೀಸಲ್ಲ, ತಿಳಿದವರಲ್ಲೇ ಇನ್ನೂ ಚರ್ಚೆಯಿದೆ. ತಾಯಿಯ ಹಾಲಿನಲ್ಲೂ ಕೊಬ್ಬಿದೆ. ಹೊಟ್ಟೆ ತುಂಬಿಸುವ ಪದಾರ್ಥದ ಕಡೆಗೆ ಒಂದು ಒಲವು ನಮ್ಮೊಳಗೆ ಇರಬಹುದು, ಅದನ್ನು ಒಪ್ಪುತ್ತೇನೆ. ಆದರೆ ಬರೀ ಜಿಡ್ಡಿಗೆ ತನ್ನದೇ ರುಚಿ ಬಹಳ ಕಡಿಮೆ. ಅದು ಸಕ್ಕರೆಯನ್ನು, ಉಪ್ಪನ್ನು, ಕೆಂಪಗೆ ಬೆಂದ ಹಿಟ್ಟಿನ ವಾಸನೆಯನ್ನು ಹೊತ್ತು ತರುವ ಹಮಾಲಿ. ಸಾಮಾನು ಬೇರೆಯವರದು, ಹೆಸರು ಹಮಾಲಿಯದು. ಎಷ್ಟು ಜಿಡ್ಡಿದ್ದರೆ ರುಚಿ ಎನ್ನುವ ಲೆಕ್ಕವಂತೂ ರೂಢಿಯದೇ. ಎರಡು ಮೂರು ತಿಂಗಳು ನಿಜವಾಗಿ ಬಿಟ್ಟವರಿಗೆ ಹಳೆಯ ಪ್ರಮಾಣ ಅತಿಯಾಯಿತು ಅನ್ನಿಸುವುದನ್ನು ನಾನೇ ನೋಡಿದ್ದೇನೆ.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ಬೇಕರಿಯ ವನಸ್ಪತಿಯನ್ನು ಸಕ್ಕರೆ, ಉಪ್ಪು, ಹಿಟ್ಟು ಏನೂ ಸೇರಿಸದೆ, ಕಾಯಿಸದೆ, ಒಬ್ಬೊಬ್ಬರಿಗೂ ಒಂದು ಚಮಚ ಕೊಟ್ಟು ಮುಖ ನೋಡಿ.

ಬಿಸ್ಕತ್ತಿಗೆ ವಂದನೆ. ರೋಗಿಗಳ ಮನೆಯವರಿಂದ ನಾವು ಏನೂ ತೆಗೆದುಕೊಳ್ಳುವ ಹಾಗಿಲ್ಲ. ವಾಪಸ್ ಕಳಿಸಿದರೆ ನಿಮಗೆ ಬೇಸರವಾದೀತೆಂದು ವಾರ್ಡಿನ ನರ್ಸುಗಳಿಗೆ ಹಂಚಿದ್ದೇನೆ. ಡಬ್ಬಿ ಮರಳಿಸುತ್ತಿದ್ದೇನೆ. ದಯವಿಟ್ಟು ಮತ್ತೆ ಕಳಿಸಬೇಡಿ.

ಇಂತಿ,
ಆಹಾರ ಸಲಹೆಗಾರ್ತಿ

---

ಜೂನ್ ೨೦

ಸಲಹೆಗಾರ್ತಿಯವರಿಗೆ,

ನೀವು ಹೇಳಿದ ಪರೀಕ್ಷೆ ಮಾಡಿಸಿದೆ. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಎಲ್ಲರನ್ನೂ ನಾದುವ ಮೇಜಿನ ಮುಂದೆ ಸಾಲಾಗಿ ನಿಲ್ಲಿಸಿದೆ. ಏನು ತಪ್ಪು ಮಾಡಿದೆವೋ ಎಂದು ಅರ್ಧ ಜನ ಆಗಲೇ ಬೆವರಿದ್ದರು. ಒಬ್ಬೊಬ್ಬರ ಬಾಯಿಗೂ ನಾನೇ ಒಂದೊಂದು ಚಮಚ ವನಸ್ಪತಿ ಇಟ್ಟೆ.

ಹಿಟ್ಟು ಕಲಸುವವನೊಬ್ಬನಿದ್ದಾನೆ. ಗಾಳಿ ಬಂದರೆ ಬಾಗುತ್ತಾನೆಂದು ಅವನಿಗೆ ಕಡ್ಡಿ ಎಂದೇ ಹೆಸರು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು, "ಅಮ್ಮೋರೆ, ಸಂಬಳದಲ್ಲಿ ಬೇಕಾದ್ರೆ ಹಿಡ್ಕೊಳ್ಳಿ, ಇದನ್ನ ಮಾತ್ರ ನುಂಗಕ್ಕಾಗಲ್ಲ" ಎಂದ. ಗಲ್ಲಾಪೆಟ್ಟಿಗೆ ನೋಡುವ ಹುಡುಗಿ, "ಮೇಣದಬತ್ತಿ ನೆಕ್ಕಿದ ಹಾಗಿದೆ" ಎಂದು ಸೆರಗಿನಲ್ಲಿ ನಾಲಿಗೆ ಒರೆಸಿಕೊಂಡಳು. ಮಗ ಭಟ್ಟಿಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದ. ಅವನಿಗೆ ಕೊಡಲಿಲ್ಲ, ಪಥ್ಯ. ಆಮೇಲೆ ಅದೇ ವನಸ್ಪತಿಗೆ ಸಕ್ಕರೆ ಸೇರಿಸಿ, ಬಿಸಿ ಬ್ರೆಡ್ಡಿಗೆ ಸವರಿ ಇಟ್ಟೆ. ತಟ್ಟೆ ತೊಳೆಯುವ ಕೆಲಸವೇ ಉಳಿಯಲಿಲ್ಲ.

ಹಮಾಲಿಯ ಮಾತಿನಲ್ಲಿ ಒಂದು ಕೂದಲೆಳೆಯಷ್ಟು ಸತ್ಯವಿದೆ ಎಂದು ಒಪ್ಪಿದ್ದೇನೆ. ಅದಕ್ಕಿಂತ ಹೆಚ್ಚಿಲ್ಲ.

ನೀವು ರುಚಿ ನೋಡಿದಿರಾ ಎಂದು ಕೇಳುತ್ತೀರಿ. ಇಲ್ಲ. ನನಗೆ ಪಿತ್ತ. ಮದುವೆಯಾಗಿ ಬಂದಾಗಿನಿಂದಲೂ ಬೆಣ್ಣೆ ನನಗೆ ಸೇರುವುದಿಲ್ಲ. ನಾನು ಅಳತೆ ನೋಡುತ್ತೇನೆ, ಬಣ್ಣ ನೋಡುತ್ತೇನೆ, ಬಾಯಿಗೆ ಹಾಕುವುದಿಲ್ಲ. "ನಿಮಗೇ ಸೇರದಿದ್ದರೆ ಅದು ಹುಟ್ಟುಗುಣ ಹೇಗಾಯಿತು?" ಎಂದು ಬರೆಯಲು ಪೆನ್ನು ಎತ್ತಬೇಡಿ. ನನ್ನದು ಕಾಯಿಲೆ, ಸ್ವಭಾವವಲ್ಲ.

ಡಬ್ಬಿ ಬಂದು ಸೇರಿತು. ನರ್ಸುಗಳು ಏನು ಹೇಳಿದರೆಂದು ನೀವು ಬರೆಯಲಿಲ್ಲ. ಚೆನ್ನಾಗಿಲ್ಲದಿದ್ದರೆ ಹೇಳಬೇಕು, ಚೆನ್ನಾಗಿದ್ದರೂ ಹೇಳಬೇಕು. ಇನ್ನೊಂದು ಡಬ್ಬಿ ಕಳಿಸಿದ್ದೇನೆ, ನಿಮಗಲ್ಲ, ಅವರಿಗೆ. ನಿಮ್ಮ ನಿಯಮ ನಿಮ್ಮ ಹತ್ತಿರವೇ ಇರಲಿ.

ಮಗ ಪಥ್ಯದಲ್ಲಿದ್ದಾನೆ. ಕೀಲಿಕೈ ಅವನ ಹತ್ತಿರವೇ ಇದೆ. ನಮ್ಮ ಕೆಲಸದವರು ನಿಮಗೆ ಪಥ್ಯದಮ್ಮ ಎಂದು ಹೆಸರಿಟ್ಟಿದ್ದಾರೆ. ಚಮಚದ ಸೇಡು.

ಇಂತಿ,
ಬೇಕರಿಯ ಯಜಮಾನಿ

---

ಜುಲೈ ೧೪

ಅಮ್ಮಾ,

ನಿಮ್ಮ ಮಗನ ರಕ್ತಪರೀಕ್ಷೆಯ ವರದಿ ಇವತ್ತು ನನ್ನ ಮೇಜಿಗೆ ಬಂತು. ಡಾಕ್ಟರು ಅವರಿಗೆ ಬೇರೆಯಾಗಿ ತಿಳಿಸುತ್ತಾರೆ. ನೀವು ಕಾಯುತ್ತಿರುತ್ತೀರಿ, ಅದಕ್ಕೇ ನಾನೂ ಬರೆಯುತ್ತಿದ್ದೇನೆ.

ವರದಿ ಚೆನ್ನಾಗಿಲ್ಲ. ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ರಕ್ತದಲ್ಲಿ ಕೊಬ್ಬು ಇಳಿಯುವ ಬದಲು ಏರಿದೆ. ತೂಕವೂ ಹಾಗೇ ಇದೆ. ಹೀಗೇ ಹೋದರೆ ಇನ್ನೊಂದು ರಕ್ತನಾಳದ ಸರದಿ ಬರುತ್ತದೆ. ನೀವು ಬರೆದ ಊಟದಿಂದ ಇದು ಆಗುವುದಿಲ್ಲ. ಎಲ್ಲೋ ಏನೋ ಸೇರುತ್ತಿದೆ. "ಬೇರೆ ಏನಾದರೂ ತಿಂತೀರಾ?" ಎಂದು ನಾನು ಕೇಳಿದೆ. "ಏನೂ ಇಲ್ಲ ಮೇಡಂ, ನಮ್ಮಮ್ಮನ ಕಣ್ಣು ತಪ್ಪಿಸಿ ತಿನ್ನೋದುಂಟಾ?" ಎಂದು ನಕ್ಕರು.

ದಯವಿಟ್ಟು ಗದರಬೇಡಿ. ರೋಗಿಗಳು ಕದ್ದು ತಿನ್ನುವುದು ಹೊಸದೇನಲ್ಲ. ಮೆತ್ತಗೆ ವಿಚಾರಿಸಿ.

ಇಂತಿ,
ಆಹಾರ ಸಲಹೆಗಾರ್ತಿ

---

ಜುಲೈ ೨೧

ಸಲಹೆಗಾರ್ತಿಯವರಿಗೆ,

ಮೆತ್ತಗೆ ವಿಚಾರಿಸುವುದು ನನಗೆ ಬರುವುದಿಲ್ಲ. ಎಲ್ಲರ ಮುಂದೆ ಕೇಳಿದೆ.

"ಕದ್ದು ತಿಂದಿಲ್ಲಮ್ಮ" ಎಂದ. ಇನ್ನೊಂದು ಸಲ ಕೇಳಿದೆ. "ನನ್ನ ಮಕ್ಕಳ ಆಣೆ, ಕದ್ದು ತಿಂದಿಲ್ಲ" ಎಂದ. ವರದಿಯ ಕಾಗದ ಸುಳ್ಳು ಹೇಳುವುದಿಲ್ಲವಲ್ಲ. "ಕೀಲಿಕೈ ಕೊಡು" ಎಂದೆ. ಸೊಂಟದಿಂದ ಬಿಚ್ಚಿ ನಾದುವ ಮೇಜಿನ ಮೇಲೆ ಇಟ್ಟ. ಹಿಟ್ಟಿನ ಮೇಲೆ ಅದರ ಗುರುತು ಬಿತ್ತು. ಯಾರೂ ಒರೆಸಲಿಲ್ಲ.

ಈಗ ಅವನು ಸೈಕಲ್ಲಿನಲ್ಲಿ ಚಹಾ ಅಂಗಡಿಗಳಿಗೆ ಬ್ರೆಡ್ಡು ಹಾಕಿ ಬರುತ್ತಾನೆ. ಬರೀ ಬ್ರೆಡ್ಡು. ಬೆಣ್ಣೆಯ ಸಾಮಾನು ಮುಟ್ಟುವ ಹಾಗಿಲ್ಲ. ಭಟ್ಟಿಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಮೂರು ಭಟ್ಟಿಗಳ ಮುಂದೆ ನಾನೇ ನಿಂತಿದ್ದೇನೆ.

ನಿಮ್ಮ ಸಾಲು ಸುಳ್ಳಾಯಿತು. ಹುಟ್ಟುಗುಣವೇ ಗೆದ್ದಿತು. ಆ ಹಾಳೆಯಲ್ಲಿ ಅಷ್ಟು ಭಾಗವನ್ನು ಕತ್ತರಿಸಿ ತೆಗೆಯಲು ಸೊಸೆಗೆ ಹೇಳಿದ್ದೇನೆ.

ಇಂತಿ,
ಬೇಕರಿಯ ಯಜಮಾನಿ

---

ಆಗಸ್ಟ್ ೨

ಅಮ್ಮಾ,

ನಿಮ್ಮ ಕಾಗದ ಓದಿದ ದಿನದಿಂದ ನನಗೆ ಸಮಾಧಾನವಿಲ್ಲ. "ಕದ್ದು ತಿನ್ನುವುದು" ಎಂಬ ಮಾತು ನನ್ನ ಕಾಗದದಲ್ಲಿತ್ತು. ನಾನು ಅದನ್ನು ಬರೆಯಬಾರದಿತ್ತು.

ನೀವು ಆ ಸಾಲನ್ನು ಕತ್ತರಿಸಿದ್ದೀರಿ. ಅದನ್ನು ನಾನು ಪುಸ್ತಕ ನೋಡಿ ಬರೆದದ್ದಲ್ಲ. ನಮ್ಮ ಮನೆಯಲ್ಲಿ ನನ್ನ ತಂದೆಗೆ ಪಿತ್ತಕೋಶದ ತೊಂದರೆ ಇತ್ತು. ಅವರಿಗೊಂದು ಅಡುಗೆ, ನಮಗೊಂದು ಅಡುಗೆ ಮಾಡುವಷ್ಟು ಬಿಡುವು ನನ್ನ ತಾಯಿಗಿರಲಿಲ್ಲ. ಹದಿನೆಂಟು ವರ್ಷದವರೆಗೆ ಬರೀ ನೀರಲ್ಲಿ ಬೇಯಿಸಿದ್ದನ್ನು ಬಿಟ್ಟು ಬೇರೆ ನಾನು ತಿಂದವಳಲ್ಲ. ಹಾಸ್ಟೆಲಿನಲ್ಲಿ ಮೊದಲ ದಿನ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ತಿಂದು ಸ್ನಾನದ ಕೋಣೆಗೆ ಓಡಿದೆ. ಗೆಳತಿಯರು ನಕ್ಕರು. ಅವರ ಜೊತೆ ಕೂರಬೇಕೆಂದು ದಿನವೂ ಸ್ವಲ್ಪ ಸ್ವಲ್ಪ ತಿಂದೆ. ವರ್ಷ ಮುಗಿಯುವಾಗ ಅದಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ಹುಟ್ಟುಗುಣವಾಗಿದ್ದರೆ ಮೊದಲ ದಿನವೇ ಸಿಹಿಯಾಗಬೇಕಿತ್ತಲ್ಲವೇ?

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ನಿಮ್ಮ ಬಿಸ್ಕತ್ತನ್ನು ನಾನು ಯಾವ ನರ್ಸಿಗೂ ಹಂಚಲಿಲ್ಲ. ಎರಡು ಡಬ್ಬಿಯೂ ನನ್ನ ಮೇಜಿನ ಕೆಳಗಿನ ಖಾನೆಯಲ್ಲೇ ಮುಗಿದವು. ರೋಗಿಗಳಿಗೆ ಪಥ್ಯ ಹೇಳುವುದು, ಅವರು ಬಾಗಿಲು ದಾಟಿದ ಮೇಲೆ ಖಾನೆ ಎಳೆಯುವುದು. ಒಂದು ಮುರಿದರೆ ಇನ್ನೊಂದು. ಅದಕ್ಕೇ ಕಳಿಸಬೇಡಿ ಎಂದು ಬರೆದದ್ದು, ನಿಯಮಕ್ಕಾಗಿ ಅಲ್ಲ.

ನಿಮ್ಮ ಮಗ ಮಕ್ಕಳ ಆಣೆ ಹಾಕಿದ್ದಾರೆ. ನನಗೆ ಆ ಮಾತು ನಿಜ ಅನ್ನಿಸುತ್ತಿದೆ. ಇನ್ನೊಂದು ಸಲ ಕೇಳಿ, ಈ ಸಲ ಊಟದ ಬಗ್ಗೆ ಬೇಡ, ಬಾಯಿಗೆ ಹೋಗುವ ಪ್ರತಿಯೊಂದರ ಬಗ್ಗೆ ಕೇಳಿ.

ಇಂತಿ,
ನಿಮ್ಮ ಪಥ್ಯದಮ್ಮ

---

ಆಗಸ್ಟ್ ೨೬

ಅಮ್ಮಾ,

ನಿಮ್ಮ ಉತ್ತರ ಬರಲಿಲ್ಲ. ಬಿಸ್ಕತ್ತಿನ ವಿಷಯಕ್ಕೆ ಸಿಟ್ಟು ಬಂದಿದ್ದರೆ ಬೈದು ಒಂದು ಸಾಲು ಬರೆಯಿರಿ. ನೀವು ಸುಮ್ಮನಿದ್ದರೆ ಭಯವಾಗುತ್ತದೆ.

ಪಥ್ಯದಮ್ಮ

---

ಸೆಪ್ಟೆಂಬರ್ ೧೬

ಪಥ್ಯದಮ್ಮನಿಗೆ,

ಸಿಟ್ಟೂ ಇಲ್ಲ, ಏನೂ ಇಲ್ಲ. ಮೂರು ಭಟ್ಟಿಗಳ ಮುಂದೆ ನಿಂತವಳಿಗೆ ಪೆನ್ನು ಹಿಡಿಯಲು ಕೈ ಬಿಡುವಿರಬೇಕಲ್ಲ.

ಡಬ್ಬಿಯ ವಿಷಯ ನನಗೆ ಜೂನ್‌ನಲ್ಲೇ ಗೊತ್ತಿತ್ತು. ಹತ್ತು ಜನರಿಗೆ ಹಂಚಿದ ಡಬ್ಬಿಯ ತಳದಲ್ಲಿ ಪುಡಿ ಉಳಿಯುತ್ತದೆ. ನೀನು ಕಳಿಸಿದ ಡಬ್ಬಿಯ ಮೂಲೆಯಲ್ಲಿ ಒಂದು ಚೂರೂ ಇರಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ಒತ್ತಿ ಒತ್ತಿ ತೆಗೆದ ಡಬ್ಬಿ ಅದು. ಒಬ್ಬರೇ ತಿಂದಾಗ ಮಾತ್ರ ಹಾಗಾಗುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಮನೆಯವರ ಕಣ್ಣೂ ಮುಚ್ಚಿರುತ್ತದೆಯೇ? ಎರಡನೆಯ ಡಬ್ಬಿ ಕಳಿಸಿದ್ದು ಅದಕ್ಕೇ. ಇನ್ನು ಮೇಲೆ ನಿನ್ನನ್ನು ನೀವು ತಾವು ಎನ್ನುವುದಿಲ್ಲ. ನನ್ನ ಡಬ್ಬಿ ನೆಕ್ಕಿದವರು ನನ್ನ ಮನೆಯವರು.

ಮಗನ ಮೈ ಇಳಿದಿದೆ. ಸೈಕಲ್ಲು ತುಳಿದು ಮುಖದ ಬಣ್ಣವೂ ತಿರುಗಿದೆ. ಅವನೂ ನಾನೂ ನೇರ ಮಾತಾಡುತ್ತಿಲ್ಲ, ನೀನು ಕೇಳಿ ಎಂದದ್ದನ್ನು ಇನ್ನೂ ಕೇಳಿಲ್ಲ. ಒಂದೇ ಕೋಣೆಯಲ್ಲಿ ಕೂತಿದ್ದರೂ ನಾನು ಸೊಸೆಗೆ, "ನಿನ್ನ ಗಂಡನಿಗೆ ಹೇಳು, ಹಳೇ ಚಹಾ ಅಂಗಡಿಯವನು ಬಾಕಿ ಕೊಟ್ಟಿಲ್ಲ" ಎನ್ನುತ್ತೇನೆ. ಅವನು, "ನಿಮ್ಮತ್ತೆಗೆ ಹೇಳು, ನಾಳೆ ಕೊಡ್ತಾನಂತೆ" ಎನ್ನುತ್ತಾನೆ. ನಿನ್ನೆ ಸೊಸೆ ಇಬ್ಬರ ಮಧ್ಯದಿಂದ ಎದ್ದು ಹೋಗಿ, "ನಾನೇನು ತಂತಿ ಕಚೇರಿ ಇಟ್ಟಿದ್ದೀನಾ?" ಎಂದಳು. ಬಾಯಿ ಬಂದಿದೆ ಅವಳಿಗೆ. ಬರಲಿ.

ಭಟ್ಟಿಯ ಕೆಲಸ ನನಗೆ ಹೊಸದಲ್ಲ, ಸೊಂಟಕ್ಕೆ ಮಾತ್ರ ಹೊಸದು. ಕಷ್ಟವಾದದ್ದು ಭಟ್ಟಿತುತ್ತು ಒಂದೇ. ಮೊದಲ ವಾರ ಹೊಟ್ಟೆ ತೊಳೆಸಿ, ಹಿತ್ತಲಿಗೆ ಓಡಿ, ಬಾಯಿ ಮುಕ್ಕಳಿಸಿ ಬಂದು ಮುಂದಿನ ಭಟ್ಟಿ ನೋಡಬೇಕಾಯಿತು. ಆದರೆ ಅತ್ತೆ ಹಾಕಿಕೊಟ್ಟ ಕಟ್ಟಳೆ, ನನ್ನ ಪಿತ್ತಕ್ಕಾಗಿ ಮುರಿಯುವುದುಂಟೇ? ಬರಬರುತ್ತಾ ಹೊಟ್ಟೆ ಒಗ್ಗಿತು. ಈಗ ನಿಜ ಹೇಳಬೇಕೆಂದರೆ ಏಳುವಾಗಲೇ ಅದು ನೆನಪಾಗುತ್ತದೆ. ಮೊದಲ ತಟ್ಟೆ ಹೊರಗೆ ಬರುವುದು ತಡವಾದರೆ ಕಡ್ಡಿಯ ಮೇಲೆ ರೇಗುತ್ತೇನೆ. ಈ ವಯಸ್ಸಿನಲ್ಲಿ ಮೈ ಬಂದಿದೆ, ರವಿಕೆಯ ತೋಳು ಬಿಗಿ. ಒಳ್ಳೆಯ ಊಟ ಬಿಟ್ಟು ಬರೀ ಗಂಜಿ ಕುಡಿಯುತ್ತಿದ್ದರೂ ಹೀಗೆ. ಇದು ಯಾವ ಕಾಯಿಲೆಯೋ ನೀನೇ ಹೇಳು.

ಮಗ ಈ ವಾರ ರಕ್ತ ಕೊಡಲು ನಿಮ್ಮಲ್ಲಿಗೆ ಬರುತ್ತಾನೆ.

ಇಂತಿ,
ಬೇಕರಿ ಅಮ್ಮ

---

ಸೆಪ್ಟೆಂಬರ್ ೨೪

ಅಮ್ಮಾ,

ಮೊದಲು ಒಳ್ಳೆಯ ಸುದ್ದಿ. ವರದಿ ಬಂದಿದೆ. ಕೊಬ್ಬು ಇಳಿದಿದೆ, ತೂಕ ಇಳಿದಿದೆ. ಡಾಕ್ಟರು ವರದಿಯನ್ನು ಎರಡು ಸಲ ತಿರುಗಿಸಿ ನೋಡಿ, "ಇವರು ಅವರೇನಾ?" ಎಂದರು.

ಇನ್ನು ಒಂದು ಪ್ರಶ್ನೆ. ತಕ್ಷಣ ಉತ್ತರ ಬರೆಯಿರಿ.

ಭಟ್ಟಿತುತ್ತು ಎಂದರೇನು? ಅದು ಏನು, ಎಷ್ಟು, ದಿನಕ್ಕೆ ಎಷ್ಟು ಸಲ, ಮತ್ತು ಜುಲೈವರೆಗೆ ಅದನ್ನು ತಿನ್ನುತ್ತಿದ್ದವರು ಯಾರು?

ಪಥ್ಯದಮ್ಮ

---

ಅಕ್ಟೋಬರ್ ೯

ಮಗಳೇ,

ನಿನ್ನ ಪ್ರಶ್ನೆಗೆ ಮೊದಲು ಉತ್ತರ. ಪ್ರತಿ ಭಟ್ಟಿಯಿಂದ ಮೊದಲು ಹೊರಬಂದ ಬನ್ನನ್ನು ಬಿಸಿಯಾಗಿರುವಾಗಲೇ ಎರಡಾಗಿ ಸೀಳಿ, ನಡುವೆ ಹೆಬ್ಬೆರಳ ಗಾತ್ರದ ಬೆಣ್ಣೆ ಇಟ್ಟು, ಭಟ್ಟಿಯ ಹೊಣೆ ಹೊತ್ತವನು ನಿಂತಲ್ಲೇ ತಿನ್ನಬೇಕು. ಬೆಣ್ಣೆ ಒಳಗೆ ಇಂಗಿದರೆ ಹಿಟ್ಟು ಸರಿಯಾಗಿ ಉಬ್ಬಿದೆ, ಮೇಲೇ ನಿಂತರೆ ಇಲ್ಲ. ಬಿಸ್ಕತ್ತಿನ ಭಟ್ಟಿಯಾದರೆ ಒಂದು ಬಿಸ್ಕತ್ತು. "ತಾನು ತಿನ್ನದ್ದನ್ನು ಮಾರಬಾರದು" ಎಂದು ಅತ್ತೆ ಇಟ್ಟ ಕಟ್ಟಳೆ. ಮೂರು ಭಟ್ಟಿ, ಬೆಳಗಿನಿಂದ ಸಂಜೆಯವರೆಗೆ ಒಂದಾದ ಮೇಲೆ ಒಂದು ಬೇಯುತ್ತಲೇ ಇರುತ್ತದೆ, ಸಲಕ್ಕೊಂದು ತುತ್ತು. ಲೆಕ್ಕ ನೀನೇ ಹಾಕಿಕೋ, ನನಗೆ ಹಾಕಲು ಧೈರ್ಯವಾಗಲಿಲ್ಲ. ಮೊದಲು ಅತ್ತೆ ತಿಂದರು, ಆಮೇಲೆ ಯಜಮಾನರು, ಆಮೇಲೆ ಮಗ.

ಅತ್ತೆಯ ಕಾಲದಲ್ಲಿ ಒಂದೇ ಭಟ್ಟಿ ಇತ್ತು ಎನ್ನುವುದು ಈ ಕಾಗದ ಬರೆಯುವಾಗಲೇ ನನಗೆ ಹೊಳೆದದ್ದು. ಭಟ್ಟಿ ಹೆಚ್ಚಿಸಿದೆವು, ತುತ್ತು ಕಡಿಮೆ ಮಾಡಲಿಲ್ಲ.

ನಿನ್ನ ಕಾಗದವನ್ನು ಭಟ್ಟಿಮನೆಯಲ್ಲಿ ನಿಂತು ಓದಿದೆ. ಕೈಯಲ್ಲಿ ಆ ಹೊತ್ತಿನ ತುತ್ತಿತ್ತು, ಅರ್ಧ ತಿಂದಿದ್ದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ನಾನು ಅಲೆದದ್ದೂ ಅಲ್ಲದೆ ಅಂಗೈಯ ಬೆಣ್ಣೆಯನ್ನು ತಿನ್ನುತ್ತಾ ನಿಂತಿದ್ದೆ.

ಮಗನನ್ನು ಕರೆಸಿದೆ. ಸೊಸೆಯ ಮೂಲಕ ಅಲ್ಲ, ನೇರ ಕೂಗಿ ಕರೆದೆ. ಬೀದಿಯ ಆ ತುದಿಗೂ ಕೇಳಿಸಿರಬೇಕು.

"ದಿನಾ ಅಷ್ಟು ಭಟ್ಟಿತುತ್ತು ತಿಂತಿದ್ದೆಯಲ್ಲ, ನಾನು ಕೇಳಿದಾಗ ಯಾಕೆ ಹೇಳಲಿಲ್ಲ?"

ಅವನು ನನ್ನ ಮುಖವನ್ನೇ ನೋಡಿದ. "ಅದು ತಿನ್ನೋದಾ ಅಮ್ಮ? ಅದು ಕೆಲಸ ಅಲ್ವಾ?"

ಸೊಸೆಯ ಕಡೆ ತಿರುಗಿದೆ. "ನಿನಗೂ ಹೊಳೀಲಿಲ್ವೇನೆ?"

"ಅಡುಗೆಮನೇಲಿ ತಿನ್ನೋದು ನನ್ನ ಲೆಕ್ಕ ಅತ್ತೆ. ಭಟ್ಟಿಮನೆ ನಿಮ್ಮ ಲೆಕ್ಕ" ಎಂದಳು. ಬಾಯಿ ಬಂದಿದೆ ಎಂದು ಮೊದಲೇ ಬರೆದಿದ್ದೇನೆ.

ಅವನನ್ನು ದೂರಿ ಫಲವಿಲ್ಲ. ಅವನ ಊಟವನ್ನು ನಿನಗೆ ಬರೆದು ತಿಳಿಸಿದವಳು ನಾನು. ಹಿಟ್ಟು ಜರಡಿ ಹಿಡಿಯುವಾಗ ಮೂಗಿಗೆ ಹೋದ ಹಿಟ್ಟನ್ನು ಊಟವೆಂದು ಯಾರಾದರೂ ಬರೆಯುತ್ತಾರೆಯೇ? ನಮಗೆ ಇದೂ ಹಾಗೇ ಇತ್ತು. ಅದೇ ಭಟ್ಟಿಗಳ ಮುಂದೆ ನಿಂತ ಕಡ್ಡಿ ಕಡ್ಡಿಯಾಗೇ ಉಳಿದ, ಯಾಕೆಂದರೆ ತುತ್ತು ತಿನ್ನುವ ಅಧಿಕಾರ ಅವನಿಗಿರಲಿಲ್ಲ. ಈ ಮಾತು ಅವನ ಕಿವಿಗೂ ಬಿತ್ತು. "ಅಯ್ಯೋ, ಮೂವತ್ತು ವರ್ಷ ಆ ತುತ್ತಿಗೆ ಹೊಟ್ಟೆ ಉರ್ಕೊಂಡೆನಲ್ಲ ಅಮ್ಮೋರೆ, ಉಳ್ಕೊಂಡೆ ಬಿಡಿ!" ಎಂದು ಎದೆ ತಟ್ಟಿಕೊಂಡ.

ಆಮೇಲೆ ನಡೆದದ್ದನ್ನು ನೀನು ನೋಡಬೇಕಿತ್ತು. ಹೊಸ ಬನ್ನೊಂದನ್ನು ಸೀಳಿ, ಬೆಣ್ಣೆ ಇಟ್ಟು, ಮಗನ ಮುಂದೆ ಹಿಡಿದೆ. "ಒಂದೇ ಒಂದು ಕಚ್ಚು, ನಾನೇ ಕೊಡ್ತಿದ್ದೀನಿ" ಎಂದೆ. ಅವನು ಆಸೆಯಿಂದಲೇ ಕಚ್ಚಿದ. ಅಗಿಯುವುದು ನಿಧಾನವಾಯಿತು. ಉಳಿದದ್ದನ್ನು ತಟ್ಟೆಗೆ ಇಟ್ಟುಬಿಟ್ಟ.

"ಅಳತೆ ತಪ್ಪಿದ್ದೀಯಮ್ಮ. ಬಾಯೆಲ್ಲ ಜಿಡ್ಡು."

ನನ್ನ ಅಳತೆ ತಪ್ಪುವುದೆಂದರೇನು? ಅವನ ಎದುರಿಗೇ ಬೆಣ್ಣೆ ತೂಗಿ ತೋರಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವನು ಬಿಟ್ಟಿದ್ದನ್ನು ನಾನು ತಿಂದೆ. ಎಷ್ಟು ರುಚಿಯಾಗಿತ್ತು ಗೊತ್ತೇ! ಕಣ್ಣು ಮುಚ್ಚಿಕೊಂಡೇ ತಿಂದೆ. ಮುಚ್ಚಿದ ಕಣ್ಣೊಳಗೇ ನಿನ್ನ ಆ ಸಾಲು ಕಂಡಿತು. ಮದುವೆಯಾಗಿ ಬಂದಾಗಿನಿಂದ ಬೆಣ್ಣೆ ಸೇರದವಳಿಗೆ ಎರಡು ತಿಂಗಳಲ್ಲಿ ಅದು ಅಮೃತವಾಗಿತ್ತು. ಹಾಲುಹಲ್ಲು ಬೀಳುವ ಮೊದಲೇ ಬೆಣ್ಣೆ ತಿಂದು ಬೆಳೆದವನಿಗೆ ಅಷ್ಟೇ ದಿನದಲ್ಲಿ ಬರೀ ಜಿಡ್ಡಾಗಿತ್ತು. ಅವನ ನಾಲಿಗೆ ನನಗೆ ಬಂದಿತ್ತು, ನನ್ನದು ಅವನಿಗೆ ಹೋಗಿತ್ತು. ಹುಟ್ಟುಗುಣ ಹೀಗೆ ಒಬ್ಬರಿಂದೊಬ್ಬರಿಗೆ ಓಡಾಡುವುದಿಲ್ಲ.

ಗೆದ್ದೆ ಎಂದು ಹಿಗ್ಗಬೇಡ. ಒಲವು ಒಳಗೆಲ್ಲೋ ಇದೆ ಎಂದು ನೀನೇ ಒಪ್ಪಿದ್ದೀಯ. ಇಲ್ಲದಿದ್ದರೆ ನನ್ನಂಥವಳನ್ನು ಅದು ಇಷ್ಟು ಬೇಗ ಬಗ್ಗಿಸುತ್ತಿರಲಿಲ್ಲ. ಹುಟ್ಟಿನದು ಕಿಡಿ, ರೂಢಿಯದು ಗಾಳಿ. ಭಟ್ಟಿಯವಳಿಗೆ ಇಷ್ಟು ಅರ್ಥವಾಗುತ್ತದೆ. ಆ ಹಾಳೆಯಿಂದ ಕತ್ತರಿಸಿದ ಸಾಲನ್ನು ಸೊಸೆ ಎಸೆದಿರಲಿಲ್ಲ, ಸಾಸಿವೆ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದಳು. ಮತ್ತೆ ಅಂಟಿಸಿದ್ದಾಳೆ. ಸ್ವಲ್ಪ ಸೊಟ್ಟಗಿದೆ, ನಾನು ಸರಿಪಡಿಸಲು ಹೇಳಿಲ್ಲ.

ಈಗ ಏನು ಮಾಡಬೇಕೆಂದು ನೀನು ಸಲಹೆ ಬರೆಯಲು ಕೂತಿದ್ದರೆ ಪೆನ್ನು ಕೆಳಗಿಡು. ಮಾಡಿ ಆಗಿದೆ.

ಹೋದ ಸೋಮವಾರ ಎಲ್ಲರನ್ನೂ ಮತ್ತೆ ಮೇಜಿನ ಮುಂದೆ ಸಾಲಾಗಿ ನಿಲ್ಲಿಸಿದೆ. ಚಮಚ ಇದೆಯೇ ಎಂದು ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಕೀಲಿಕೈಯನ್ನು ಎಲ್ಲಿಂದ ತೆಗೆದುಕೊಂಡಿದ್ದೆನೋ ಅದೇ ಮೇಜಿನ ಮುಂದೆ, ಎಲ್ಲರೂ ನೋಡುವ ಹಾಗೆ ಮಗನ ಸೊಂಟಕ್ಕೆ ನಾನೇ ಸಿಕ್ಕಿಸಿದೆ. "ಇವನು ಕದ್ದಿರಲಿಲ್ಲ" ಎಂದೆ. ಅದಕ್ಕಿಂತ ಹೆಚ್ಚು ಮಾತು ನನಗೆ ಬರುವುದಿಲ್ಲ, ಅವನೂ ಕೇಳಲಿಲ್ಲ. ಕೀಲಿಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, "ಎರಡನೇ ಭಟ್ಟಿ ಕಾವು ಜಾಸ್ತಿಯಾಗಿದೆಯಮ್ಮ, ನೀನು ನಿಂತಾಗಿಂದ" ಎಂದು ಒಳಗೆ ಹೋದ. ಅಷ್ಟು ಸಾಕಾಯಿತು ಇಬ್ಬರಿಗೂ.

ಭಟ್ಟಿತುತ್ತನ್ನು ನಿಲ್ಲಿಸಲಿಲ್ಲ. ಅತ್ತೆಯ ಕಟ್ಟಳೆ ಅದು. ತಿನ್ನುವವರನ್ನು ಬದಲಾಯಿಸಿದೆ. ಹೊರಬಂದ ಮೊದಲ ಬನ್ನನ್ನು ಮಗ ಸೀಳುತ್ತಾನೆ, ಬೆಣ್ಣೆ ಇಂಗುವುದನ್ನು ನೋಡುತ್ತಾನೆ, ಮೂಸುತ್ತಾನೆ, ಬಾಯಿಗೆ ಹಾಕುವುದಿಲ್ಲ. ಆಮೇಲೆ ಅದು ಅಂಗಡಿಯ ಮುಂದೆ ಸಾಲಿನಲ್ಲಿ ಮೊದಲು ನಿಂತವರಿಗೆ, ಪುಕ್ಕಟೆ. ಅವರ ಮುಖ ನೋಡಿದರೆ ತಟ್ಟೆ ಹೇಗಿದೆಯೆಂದು ಗೊತ್ತಾಗುತ್ತದೆ. ಒಬ್ಬರಿಗೆ ವಾರಕ್ಕೆ ಒಂದೇ ತುತ್ತು, ಯಾರೇ ಆಗಲಿ. ಇದು ನನ್ನ ನಿಯಮ, ಹಲಗೆಯ ಮೇಲೆ ಬರೆಸಿ ಗಾಜಿನ ಕಪಾಟಿನ ಮೇಲೆ ತೂಗು ಹಾಕಿಸಿದ್ದೇನೆ. ಬೆಣ್ಣೆ ಬಿಸ್ಕತ್ತಿನಲ್ಲಿ ಬೆಣ್ಣೆ ಕಡಿಮೆ ಮಾಡಿಲ್ಲ. ಸುಳ್ಳು ಬಿಸ್ಕತ್ತು ನಮ್ಮಲ್ಲಿ ಬೇಯುವುದಿಲ್ಲ. ಆದರೆ ಅದು ಶನಿವಾರ ಮಾತ್ರ. ನಿನಗೆ ಕಳಿಸಿದ ಡಬ್ಬಿಯಲ್ಲಿ ಈ ಸಲ ಒಣ ರಸ್ಕು ಇದೆ. ಖಾನೆಯಲ್ಲಿ ಇಟ್ಟುಕೊಂಡು ತಿನ್ನು, ರೋಗಿಗಳ ಎದುರಿಗೇ ತಿನ್ನು. ಮೊದಮೊದಲು ಸಪ್ಪೆ ಅನ್ನಿಸುತ್ತದೆ. ಆಮೇಲೆ ಏನಾಗುತ್ತದೆಂದು ನಿನಗೆ ನಾನು ಹೇಳಿಕೊಡಬೇಕೇ?

ನಾನು ಭಟ್ಟಿ ಬಿಟ್ಟು ಮುಂದಿನ ಗಲ್ಲಾಪೆಟ್ಟಿಗೆಗೆ ಬಂದು ಕೂತಿದ್ದೇನೆ. ನಿನ್ನೆ ಸಾಲಿನ ಮೊದಲಿಗೆ ನಾನೇ ನಿಂತು ನನ್ನ ತುತ್ತು ತಿಂದೆ. ಇವತ್ತು ಬೆಳಿಗ್ಗೆ ತಟ್ಟೆ ಹೊರಗೆ ಬರುವ ಸದ್ದಾಯಿತು, ವಾಸನೆ ಬಂತು, ಕಾಲು ತಾನಾಗಿ ಎದ್ದು ಹೋಗಿ ಮತ್ತೆ ಸಾಲಿನಲ್ಲಿ ನಿಂತಿತು. ನನ್ನ ಹಿಂದೆ ಶಾಲೆಯ ಮೇಷ್ಟರು, ಅವರ ಹಿಂದೆ ಹಾಲಿನವಳು. ಮಗ ಬನ್ನು ಹಿಡಿದು ಬಂದ. ನನ್ನನ್ನು ನೋಡಿದ, ತಲೆಯ ಮೇಲಿನ ಹಲಗೆ ನೋಡಿದ.

"ಅಮ್ಮ, ನಿನ್ನದು ಈ ವಾರದ್ದು ನಿನ್ನೇನೇ ಆಯ್ತು."

ಬೀದಿಯ ಅರ್ಧ ಜನ ಅಲ್ಲಿದ್ದರು. ನಾನು ಸೆರಗು ಸರಿಮಾಡಿಕೊಂಡು, ಮೇಷ್ಟರಿಗೆ ಜಾಗ ಬಿಟ್ಟು ಪಕ್ಕಕ್ಕೆ ಬಂದೆ.

ಇಂತಿ,
ಅಮ್ಮ